ಹನ್ನೊಂದು ಎಲಚಿಯ ಕಾವಲುಗಾತಿ

ಗೆಂಗ್ ಚಾಯ್‌ಲಿಯಾನ್ ಯಾರನ್ನೂ ನಂಬುತ್ತಿರಲಿಲ್ಲ. ಇದು ಅವಳ ಮೇಲಿನ ಚಾಡಿಯಲ್ಲ, ಅವಳೇ ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಮಾತು. ಸಿಗಡಿ ಗೊಜ್ಜು ಮಾರುವವಳು ಬಂದರೆ ಜಾಡಿಯ ಮೇಲಿನ ಗೊಜ್ಜನ್ನು ಅವಳು ಮುಟ್ಟಳು, ತಳದಿಂದ ತೆಗೆಸಿ ರುಚಿ ನೋಡುವಳು. ರೇಡಿಯೋದವರು ಇವತ್ತು ಬಿಸಿಲು ಎಂದರೆ ಒಣಹಾಕಿದ ಬಟ್ಟೆಯನ್ನು ಒಳಗೆ ತರುವಳು. ಗಂಡ ಶುನ್ ಮೂವತ್ತೈದು ವರ್ಷ ಸಂಸಾರ ಮಾಡಿದ ಮನುಷ್ಯ, ಅವನು ನೆಗಡಿ ಎಂದರೂ ಹಣೆ ಮುಟ್ಟಿ ನೋಡಿದ ಮೇಲೆಯೇ ಶುಂಠಿ ಕಷಾಯ.

ಅವಳು ನಂಬುತ್ತಿದ್ದದ್ದು ತನ್ನ ನಾಲಿಗೆಯೊಂದನ್ನೇ. ನಂಬಬೇಕಾದ ನಾಲಿಗೆಯೇ ಅದು. ಬೋಹಾಯ್ ಸಮುದ್ರದ ಅಂಚಿನ ಲಾವ್‌ಕೊ ಊರಿನಲ್ಲಿ ಮಣ್ಣು ಎಂದರೆ ಅರ್ಧ ಉಪ್ಪು. ಚಳಿ ಮುಗಿದು ಒಣಗಾಳಿ ಬೀಸತೊಡಗಿದರೆ ಆಳದ ಉಪ್ಪೆಲ್ಲ ಮೇಲೆದ್ದು ಹೊಲದ ತುಂಬ ಹಿಟ್ಟು ಚೆಲ್ಲಿದಂತೆ ಬಿಳಿ ಹರಡುತ್ತದೆ. ಚಾಯ್‌ಲಿಯಾನ್ ಒಂದು ಚಿಟಿಕೆ ಮಣ್ಣನ್ನು ನಾಲಿಗೆಯ ತುದಿಗಿಟ್ಟು, ಪಕ್ಕಕ್ಕೆ ಉಗುಳಿ, ಇಲ್ಲಿ ಹತ್ತಿ ಬಂದೀತು, ಗೋಧಿ ಬಾರದು ಎಂದರೆ ಅದಕ್ಕೆ ಮೇಲ್ಮನವಿ ಇರಲಿಲ್ಲ. ನೀರಾವರಿ ಕಚೇರಿಯವರು ಗಾಜಿನ ನಳಿಗೆಯಲ್ಲಿ ಅಲ್ಲಾಡಿಸಿ ವಾರದ ಮೇಲೆ ಹೇಳುತ್ತಿದ್ದದ್ದನ್ನು ಅವಳು ನಿಂತ ಕಾಲಲ್ಲೇ ಹೇಳುವಳು.

ಮರಗಳ ವಿಷಯದಲ್ಲೂ ಅಷ್ಟೇ. ಒಂದೊಂದು ಮರ ಉಪ್ಪಿನ ಜೊತೆ ಹೇಗೆ ಏಗುತ್ತದೆ ಎಂಬುದು ಅವಳಿಗೆ ನೆರೆಮನೆಯ ಜಗಳಗಳಷ್ಟೇ ಚೆನ್ನಾಗಿ ಗೊತ್ತಿತ್ತು. ಹಳ್ಳದ ಬದಿಯ ಕೆಂಪುಕಡ್ಡಿ ಪೊದೆ ಉಪ್ಪನ್ನು ಕುಡಿದು ಎಲೆಯ ಮೈಯಿಂದ ಬೆವರಿನ ಹಾಗೆ ಹೊರಹಾಕುತ್ತದೆ, ಬೆಳಿಗ್ಗೆ ಸವರಿದರೆ ಬೆರಳಿಗೆ ಹರಳು ಹತ್ತುತ್ತದೆ. ಪಾಪ್ಲರ್ ಮರಕ್ಕೆ ಆ ವಿದ್ಯೆ ತಿಳಿಯದು, ಕಾಲಬುಡದಲ್ಲಿ ನೀರಿದ್ದರೂ ಕುಡಿಯಲಾರದೆ ತುದಿಯಿಂದ ಒಣಗುತ್ತ ಬರುತ್ತದೆ. ಎಲಚಿ ಮರ ಮಾತ್ರ ಅವಳ ಜಾತಿಯದು. ಬೇರಿನಲ್ಲೇ ಬಾಗಿಲು ಹಾಕಿಕೊಂಡು, ಬಂದದ್ದನ್ನು ತಡೆದು ವಿಚಾರಿಸಿ, ಆದಷ್ಟೂ ಒಳಗೆ ಬಿಡುವುದಿಲ್ಲ.

ಅವಳದು ಹನ್ನೊಂದು ಚಳಿ ಎಲಚಿ ಮರ. ಹುಲ್ಲು ಹಳದಿಯಾದ ಮೇಲೆ ಕೆಂಪಾಗುವ, ಕೈ ಜಾರಿ ಕೆಳಗೆ ಬಿದ್ದರೆ ಗಾಜಿನ ಹಾಗೆ ಸೀಳುವ ಹಣ್ಣು. ಆ ಜಾತಿ ಸುತ್ತಮುತ್ತ ಬೇಕಾದಷ್ಟಿದೆ, ಆದರೆ ಈ ಹನ್ನೊಂದಕ್ಕೆ ಕಸಿಯ ಕಡ್ಡಿ ಬಂದದ್ದು ಅವಳ ತವರಿನ ಅಂಗಳದ ಮರದಿಂದ. ಅಂಥ ತೆಳು ಸಿಪ್ಪೆ, ಅಂಥ ಸಣ್ಣ ಬೀಜ ಬೇರೆ ಎಲ್ಲೂ ಇರಲಿಲ್ಲ. ಬಂದರಿನ ರಸ್ತೆಗೆಂದು ಆ ಊರನ್ನೇ ಎತ್ತಿದಾಗ ಮರವನ್ನೂ ಕಡಿದರು. ಅಮ್ಮ ಅದೇ ವರ್ಷ ತೀರಿಕೊಂಡಳು. ಚಾಯ್‌ಲಿಯಾನ್ ಕಡಿದ ಕೊಂಬೆಗಳ ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು, ಕಾಡು ಎಲಚಿಯ ಬುಡಕ್ಕೆ ತಾನೇ ಕಸಿ ಕಟ್ಟಿದ್ದಳು. ಈ ಹನ್ನೊಂದು ಹೋದರೆ ಆ ಮರ ಭೂಮಿಯ ಮೇಲೆ ಇನ್ನಿಲ್ಲ. ಆದ್ದರಿಂದ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು.

ಕಾಯುತ್ತಿದ್ದದ್ದು ಯಾರಿಂದ ಎಂದು ಕೇಳಿದರೆ ಅದಕ್ಕೂ ಹೆಸರಿತ್ತು. ಪಾಂಗ್ ಶಿಮಿಂಗ್. ದೊಡ್ಡ ಚರಂಡಿಯ ಆಚೆಯ ಹೊಲದವನು. ವರ್ಷದಲ್ಲಿ ಆರು ತಿಂಗಳು ಉಪ್ಪಿನ ಗದ್ದೆಯಲ್ಲಿ ಕೂಲಿ, ಉಳಿದ ಆರು ತಿಂಗಳು ಬೇಸಾಯ. ಹದಿನೆಂಟು ವರ್ಷದ ಹಿಂದೆ ಒಂದು ಮಳೆಗಾಲದಲ್ಲಿ ಚರಂಡಿಯ ಏರಿ ಒಡೆದು ಉಪ್ಪುನೀರು ಚಾಯ್‌ಲಿಯಾನಳ ಹತ್ತಿಗೆ ನುಗ್ಗಿತ್ತು. ಏರಿ ತಾನಾಗಿ ಒಡೆಯಿತು ಎಂದು ಊರು ಹೇಳಿತು. ಪಾಂಗ್‌ನ ಗುದ್ದಲಿ ಒದ್ದೆಯಾಗಿತ್ತು ಎಂದು ಅವಳು ಹೇಳಿದಳು. ಮಳೆಯಲ್ಲಿ ಎಲ್ಲರ ಗುದ್ದಲಿಯೂ ಒದ್ದೆಯಾಗಿರುತ್ತದೆ ಎಂದು ಶುನ್ ಒಮ್ಮೆ ಹೇಳಿ, ಮೂರು ದಿನ ತಣ್ಣಗಿನ ಜೋಳದ ರೊಟ್ಟಿ ತಿಂದಿದ್ದ.

ಒಂದು ಬೇಸಿಗೆಯಲ್ಲಿ ಚರಂಡಿಯ ಕಡೆಯ ನಾಲ್ಕು ಮರಗಳ ಕೆಳಗಿನ ಎಲೆಗಳು ಅಂಚು ಸುಟ್ಟು ಉದುರತೊಡಗಿದವು. ಮೇಲಿನ ಚಿಗುರು ಹಸಿರಾಗಿಯೇ ಇತ್ತು. ಚಾಯ್‌ಲಿಯಾನ್ ಬಿದ್ದ ಎಲೆ ಜಗಿದು ನೋಡಿದಳು, ಉಪ್ಪು. ಬುಡದ ಮಣ್ಣು ನೋಡಿದಳು, ಅದೂ ಉಪ್ಪು. ಅಂದೇ ಒಲೆಯ ಬೂದಿ ತಂದು ನಾಲ್ಕೂ ಮರದ ಸುತ್ತ ತೆಳ್ಳಗೆ ಹರಡಿದಳು. ಮೂರನೆಯ ದಿನ ಬೂದಿಯಲ್ಲಿ ಹೆಜ್ಜೆ ಮೂಡಿತ್ತು.

"ನೋಡು ಬಾ," ಎಂದು ಗಂಡನನ್ನು ಎಳೆದುಕೊಂಡು ಹೋದಳು. "ಬಲಗಾಲು ಹೊರಕ್ಕೆ ತಿರುಗಿದೆ. ಪಾಂಗ್ ನಡೆಯೋದೇ ಹಂಗೆ."

ಶುನ್ ಹೆಜ್ಜೆ ನೋಡಿದ, ತನ್ನ ಬಲಗಾಲು ನೋಡಿಕೊಂಡ. "ನಾನೂ ಹಂಗೇ ನಡೀತೀನಿ ಕಣೇ," ಎಂದ. "ಬೆಳಿಗ್ಗೆ ಇಲ್ಲಿ ಒಂದಕ್ಕೆ ಬಂದಿದ್ದೆ."

"ನನ್ನ ಮರದ ಬುಡಕ್ಕಾ?"

"ಬೇಲಿ ಹತ್ರ. ಸ್ವಲ್ಪ ಈಚೆಗೆ."

ಅವತ್ತಿನಿಂದ ಸಂಶಯದ ಪಟ್ಟಿಗೆ ಗಂಡನೂ ಸೇರಿದ, ಆದರೆ ಪಾಂಗ್‌ನ ಹೆಸರೇನೂ ಅಳಿಸಲಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು, ಕಾಯ್ತೀನಿ, ಎಂದಳು ಚಾಯ್‌ಲಿಯಾನ್.

ಆ ಚಳಿಗಾಲದಲ್ಲಿ ನೀರಾವರಿ ಕಚೇರಿಯ ಹುಡುಗಿ ಲೂ ವೆನ್ ಊರಿಗೆ ಬಂದು ಸಭೆ ಕರೆದಳು. ಬಾವಿಯ ಉಪ್ಪುನೀರನ್ನೇ ಹೊಲಕ್ಕೆ ಹಾಯಿಸೋಣ ಎಂದಳು. ಸಭೆ ನಕ್ಕಿತು. ಕೊರೆವ ಚಳಿಯಲ್ಲಿ ಹಾಯಿಸಿದರೆ ನೀರು ಗಟ್ಟಿಯಾಗಿ ಹೊಲದ ಮೇಲೆ ಕೂರುತ್ತದೆ, ಬಿಸಿಲು ಬಂದಾಗ ಮೊದಲು ಕರಗಿ ಇಳಿಯುವುದು ಬರೀ ಉಪ್ಪು, ಆಮೇಲೆ ಕರಗುವುದು ಸಿಹಿನೀರು, ಅದು ಹಿಂದಿನಿಂದ ಇಳಿದು ಮೇಲಿನ ಉಪ್ಪನ್ನೆಲ್ಲ ಬೇರಿಗಿಂತ ಕೆಳಕ್ಕೆ ತಳ್ಳುತ್ತದೆ, ಕೂಡಲೇ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಉಪ್ಪು ಮೇಲೇಳುವುದಿಲ್ಲ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದಳು. ಮರದ ಎಲೆ ಉದುರುವ ವಿಷಯವನ್ನೂ ಹೇಳಿದಳು: ತಡೆಯಲಾರದಷ್ಟು ಉಪ್ಪು ಒಳಗೆ ಬಂದರೆ ಎಲಚಿ ಅದನ್ನು ಹಳೆ ಎಲೆಗಳಿಗೆ ತುಂಬಿ ಉದುರಿಸಿಬಿಡುತ್ತದೆ, ಚಿಗುರನ್ನು ಉಳಿಸಿಕೊಳ್ಳುತ್ತದೆ, ಅದು ಮರ ಬದುಕುತ್ತಿರುವ ಗುರುತು, ಯಾರೋ ಕೊಲ್ಲುತ್ತಿರುವ ಗುರುತಲ್ಲ.

ಚಾಯ್‌ಲಿಯಾನ್ ಹಿಂದಿನ ಬೆಂಚಿನಲ್ಲಿ ಕೂತು ಇದನ್ನೆಲ್ಲ ಕೇಳಿದಳು. ಮಾತಿನಲ್ಲಿ ತಪ್ಪು ಸಿಗಲಿಲ್ಲ. ಹುಡುಗಿಯ ಮುಖದಲ್ಲಿ ಸಿಕ್ಕಿತು. ಆ ಮೂಗು ಎಲ್ಲೋ ನೋಡಿದ ಮೂಗು. ವಿಚಾರಿಸಿದರೆ ಲೂ ವೆನ್ ಪಾಂಗ್‌ನ ಹೆಂಡತಿಯ ಅಕ್ಕನ ಮಗಳು.

"ಗೊತ್ತಾಯ್ತಲ್ಲ," ಎಂದಳು ಗಂಡನಿಗೆ, ಮನೆಗೆ ಬರುವ ದಾರಿಯಲ್ಲಿ.

"ಏನು ಗೊತ್ತಾಯ್ತು? ಓದಿದ ಹುಡುಗಿ ಅದು."

"ಓದಿದವರು ಉಪ್ಪುನೀರಲ್ಲಿ ಉಪ್ಪು ತೊಳೀತಾರಾ? ಎಣ್ಣೆ ಹಚ್ಚಿ ಎಣ್ಣೆ ಒರೆಸಿದ ಹಾಗೆ."

ಆದರೂ ಶುನ್ ಜೀವನದಲ್ಲಿ ಒಮ್ಮೆ ಹಟ ಹಿಡಿದ. ನಾಲ್ಕು ಮರ ಆಗಲೇ ಸೊರಗಿವೆ, ಹೀಗೇ ಬಿಟ್ಟರೆ ಇನ್ನೆರಡು ವರ್ಷ ಎಂದ. ಅದು ನಿಜವೆಂದು ಅವಳ ನಾಲಿಗೆಗೂ ಗೊತ್ತಿತ್ತು. ಚಳಿಯ ಒಂಬತ್ತೊಂಬತ್ತು ದಿನಗಳ ಎಣಿಕೆಯಲ್ಲಿ ಮೂರನೆಯ ಒಂಬತ್ತು ಬಂದಾಗ, ಜನವರಿಯ ನಡುವೆ, ಉಗುಳಿದರೆ ನೆಲ ಮುಟ್ಟುವ ಮೊದಲೇ ಗಟ್ಟಿಯಾಗುವಂಥ ದಿನ, ಪಾಂಗ್ ಪಂಪು ಹೊತ್ತು ಬಂದ. ತನ್ನ ಹೊಲಕ್ಕೆ ಹಾಯಿಸಿದ, ಅಲ್ಲಿ ಎರಡು ವರ್ಷದ ಪಿಯರ್ ಸಸಿಗಳಿದ್ದವು. ಆಮೇಲೆ ಕೊಳವೆಯನ್ನು ಈಚೆಗೆ ತಿರುಗಿಸಿದ.

"ಅತ್ತಿಗೆ, ಎಷ್ಟು ದಪ್ಪ ಇರಲಿ?" ಎಂದು ಕೇಳಿದ.

"ನಿನ್ನ ಮನಸ್ಸಲ್ಲಿ ಎಷ್ಟಿದೆಯೋ ಅಷ್ಟು," ಎಂದಳು ಚಾಯ್‌ಲಿಯಾನ್.

ಪಾಂಗ್ ಒಂದು ಗೇಣು ದಪ್ಪ ಹಾಯಿಸಿದ. ಒಂದೂವರೆ ತಿಂಗಳು ಹನ್ನೊಂದು ಮರವೂ ಬೂದು ಬಣ್ಣದ ಮಂಜುಗಡ್ಡೆಯಲ್ಲಿ ಕಣಕಾಲ ಮಟ್ಟ ಹೂತು ನಿಂತವು. ದಿನವೂ ಬೆಳಿಗ್ಗೆ ಹೋಗಿ ನೋಡಿ ಬರುವಳು.

ಮಾರ್ಚ್ ತಿಂಗಳ ಮೊದಲ ಬಿಸಿಲು ಬಂದಾಗ ಶುನ್ ತಂಗಿಯ ಮನೆಗೆ ಹೋಗಿದ್ದ, ಅವಳಿಗೆ ಕಾಲು ಮುರಿದಿತ್ತು. ಚಾಯ್‌ಲಿಯಾನ್ ಮಂಜುಗಡ್ಡೆಯ ಅಂಚಿನಲ್ಲಿ ಕೂತು, ಅಡಿಯಿಂದ ಜಿನುಗುತ್ತಿದ್ದ ನೀರಿನಲ್ಲಿ ಬೆರಳು ಅದ್ದಿ ನಾಲಿಗೆಗೆ ಇಟ್ಟಳು. ಕಹಿ. ಬಾವಿಯ ನೀರಿನ ಮೂರರಷ್ಟು ಉಪ್ಪು. ಗಂಟಲಿನವರೆಗೆ ಇಳಿದು ಕೆರೆಯುವ ಕಹಿ.

ಇಷ್ಟು ದಿನ ಬರೀ ಸಂಶಯವಿತ್ತು, ಈಗ ಸಾಕ್ಷಿ ನಾಲಿಗೆಯ ಮೇಲೆ ಕೂತಿತ್ತು. ಲೂ ವೆನ್ ಇದನ್ನೂ ಹೇಳಿದ್ದಳು, ಮೊದಲು ಇಳಿಯುವುದು ಉಪ್ಪು ಎಂದು. ಕೊಲ್ಲುವವರು ಮೊದಲೇ ಹೇಳಿಟ್ಟರೆ ಆಮೇಲೆ ಬೈಯುವ ಹಾಗಿಲ್ಲ ನೋಡಿ, ಎಷ್ಟು ಚತುರತೆ ಎಂದುಕೊಂಡಳು. ಒಂದೆರಡು ದಿನ ತಡೆದು ನೋಡಿದಳು. ಕಹಿ ಜಿನುಗುತ್ತಲೇ ಇತ್ತು, ಮಣ್ಣು ಕುಡಿಯುತ್ತಲೇ ಇತ್ತು. ಮೂರನೆಯ ದಿನ ಹಾರೆ, ಗುದ್ದಲಿ, ಹಳೆಯ ಬಾಗಿಲಿನ ಹಲಗೆ ತೆಗೆದುಕೊಂಡು ಹೊರಟಳು.

ಮೂರು ದಿನ ಒಬ್ಬಳೇ ಕೆಲಸ ಮಾಡಿದಳು. ಅರವತ್ತರ ಹತ್ತಿರದ ಹೆಂಗಸು. ಹಾರೆಯಿಂದ ಒಡೆಯುವುದು, ಬೇರಿಗೆ ತಾಗದಂತೆ ಎತ್ತುವುದು, ಹಲಗೆಯ ಮೇಲೆ ಜಾರಿಸಿಕೊಂಡು ಹೋಗಿ ಚರಂಡಿಗೆ ತಳ್ಳುವುದು. ಚರಂಡಿಯಲ್ಲಿ ಕರಗಿದ ಕೊಚ್ಚೆನೀರು ಸಮುದ್ರದ ಕಡೆಗೆ ಓಡುತ್ತಿತ್ತು, ಗಡ್ಡೆಗಳು ಅದರ ಮೇಲೆ ತೇಲುತ್ತ ಹೋದವು. ಒಂದೊಂದು ಹೋದಾಗಲೂ ಅವಳಿಗೆ ಮೈ ಹಗುರವಾಗುತ್ತಿತ್ತು. ಆಚೆ ದಡದಿಂದ ಪಾಂಗ್‌ನ ಹೆಂಡತಿ ಏನೋ ಕೂಗಿ ಕೈಬೀಸಿದಳು. ಬೇಡ ಬೇಡ ಎನ್ನುವ ಹಾಗಿತ್ತು. ಅವಳಿಗೆ ಹೊಟ್ಟೆ ಉರಿಯುತ್ತಿದೆ ಎಂದುಕೊಂಡು ಚಾಯ್‌ಲಿಯಾನ್ ಇನ್ನಷ್ಟು ಜೋರಾಗಿ ಹಾರೆ ಬೀಸಿದಳು.

ಮೂರನೆಯ ದಿನ ಮಧ್ಯಾಹ್ನ ಹನ್ನೊಂದನೆಯ ಮರದ ಬುಡದ ಕೊನೆಯ ಗಡ್ಡೆ ಒಡೆದಳು. ತಂದಿದ್ದ ನೀರು ಖಾಲಿಯಾಗಿತ್ತು. ಬಾಯಿ ಒಣಗಿ ಅಂಟುತ್ತಿತ್ತು. ಕೈಗೆ ಸಿಕ್ಕ ಒಂದು ಚೂರನ್ನು ಏನೂ ಯೋಚಿಸದೆ ಬಾಯಿಗೆ ಹಾಕಿಕೊಂಡಳು.

ಅದರಲ್ಲಿ ಉಪ್ಪಿರಲಿಲ್ಲ.

ಇನ್ನೊಂದು ಚೂರು ಹಾಕಿಕೊಂಡಳು. ಇನ್ನೊಂದು ಕಡೆಯಿಂದ ಮತ್ತೊಂದು. ನಲ್ಲಿಯ ನೀರಿಗಿಂತ ಸಿಹಿ. ಆಮೇಲೆ ಮರದ ಬುಡದ ಕೆಸರನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟಳು. ಗಂಟಲು ಕೆರೆಯುವ ಆ ಕಹಿ ಅಲ್ಲಿ ಕೂತಿತ್ತು, ಎಲ್ಲವೂ. ಉಪ್ಪನ್ನೆಲ್ಲ ಮರಗಳಿಗೆ ಉಣಿಸಿ, ಅದನ್ನು ತೊಳೆಯಬೇಕಾಗಿದ್ದ ನೀರನ್ನು ತನ್ನ ಕೈಯಾರೆ ಸಮುದ್ರಕ್ಕೆ ತಳ್ಳಿದ್ದಳು. ಬೇರೆ ಯಾರು ಹೇಳಿದ್ದರೂ ನಂಬುತ್ತಿರಲಿಲ್ಲ. ಹೇಳಿದ್ದು ಅವಳ ನಾಲಿಗೆ. ಹಲಗೆಯ ಮೇಲೆ ಕೂತು, ಸದ್ದಿಲ್ಲದೆ, ಮೂಗು ಒರೆಸಿಕೊಳ್ಳುತ್ತ ಅತ್ತಳು.

ಲೂ ವೆನ್‌ಗೆ ಫೋನ್ ಮಾಡಿದಳು. ಆ ಹುಡುಗಿ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ಕಾಲುವೆ ನೀರು ಯಾವಾಗ ಬಿಡ್ತಾರೆ ದೊಡ್ಡಮ್ಮ?"

"ಏಪ್ರಿಲ್ ಕೊನೆಗೆ."

"ಅಷ್ಟರಲ್ಲಿ ಬೇರು ಎದ್ದಿರುತ್ತೆ, ಗಾಳಿಗೆ ಉಪ್ಪೂ ಎದ್ದಿರುತ್ತೆ. ಈ ವಾರದೊಳಗೆ ಸಿಹಿನೀರು ಬೇಕು. ಗಡ್ಡೆ ಇನ್ನೂ ಕರಗದೆ ಇರೋ ಹೊಲ ಯಾವುದಾದರೂ ಇದೆಯಾ?"

ಇತ್ತು. ಒಂದೇ ಒಂದು. ಒತ್ತೊತ್ತಾದ ಪಾಪ್ಲರ್ ಕಾಂಡಗಳ ನೆರಳಿಗೆ ಪಾಂಗ್‌ನ ಹೊಲದ ಗಡ್ಡೆ ತಡವಾಗಿ ಕರಗುತ್ತಿತ್ತು. ಅಲ್ಲಿಯೂ ಕಹಿ ಇಳಿದು ಮುಗಿದಿತ್ತು, ಸಿಹಿ ಇನ್ನೂ ಮೇಲಿತ್ತು. ಅದನ್ನು ಎತ್ತಿದರೆ ಅವನ ಸಸಿಗಳಿಗೆ ಏನಾಗುತ್ತದೆ ಎಂಬುದು ಊರಿನಲ್ಲಿ ಚಾಯ್‌ಲಿಯಾನ್‌ಗಿಂತ ಚೆನ್ನಾಗಿ ಆ ಹೊತ್ತು ಯಾರಿಗೂ ಗೊತ್ತಿರಲಿಲ್ಲ.

ಚರಂಡಿಯ ಸೇತುವೆ ದಾಟುವುದಕ್ಕೆ ಅವಳಿಗೆ ಹದಿನೆಂಟು ವರ್ಷ ಹಿಡಿದಿತ್ತು. ಪಾಂಗ್ ಅಂಗಳದಲ್ಲಿ ಕೂತು ಪ್ಲಾಸ್ಟಿಕ್ ಹಾಳೆ ಬಿಚ್ಚುತ್ತಿದ್ದ. ಅವಳು ನಡೆದದ್ದನ್ನು ಹೇಳಿದಳು, ಬೇಕಾದದ್ದನ್ನೂ ಹೇಳಿದಳು. ದಯವಿಟ್ಟು ಎನ್ನುವ ಮಾತು ಬಾಯಿಗೆ ಬರಲಿಲ್ಲ.

ಪಾಂಗ್ ಬಹಳ ಹೊತ್ತು ಹಾಳೆಯ ಅಂಚನ್ನೇ ಹುಡುಕುತ್ತಿದ್ದ. ಆಮೇಲೆ, "ಚರಂಡಿ ಕಡೆ ನಾಲ್ಕು ಸಾಲಿಂದು ತಗೋ," ಎಂದ.

ಕೇಳಿದ್ದು ಸಿಕ್ಕಿತು. ಸಿಕ್ಕ ಕೂಡಲೇ ಅವಳ ಹಳೆಯ ಗುಣ ಎದ್ದು ಕೂತಿತು. "ಯಾಕೆ ಕೊಡ್ತೀಯ?" ಎಂದಳು. "ನಿನಗೇನು ಲಾಭ?"

ಪಾಂಗ್ ಮೊದಲ ಸಲ ತಲೆಯೆತ್ತಿದ. "ಲಾಭ ಕೇಳ್ತೀಯಾ ಅತ್ತಿಗೆ? ನಿನ್ನ ಮರ ಒಣಗಿದರೆ ಯಾರು ಒಣಗಿಸಿದರು ಅಂತ ಹೇಳೋಕೆ ನೀನು ಮಧ್ಯಾಹ್ನದ ತನಕ ಕಾಯಲ್ಲ. ಹದಿನೆಂಟು ವರ್ಷ ಕೇಳಿದೀನಿ. ನಮ್ಮಪ್ಪ ಸಾಯೋವಾಗಲೂ ನನ್ನ ಕೈ ಹಿಡಕೊಂಡು, ನಿಜ ಹೇಳು ಮಗ, ಆ ಏರಿ ನೀನೇ ಒಡೆದೆಯಾ ಅಂತ ಕೇಳಿದ. ಇನ್ನು ಕೇಳೋ ಶಕ್ತಿ ನನಗಿಲ್ಲ. ಸಸಿ ಸತ್ತರೆ ಇನ್ನೊಂದು ನೆಡ್ತೀನಿ."

ಅವಳಿಗೆ ನಿಂತಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು. ನಾಚಿಕೆಯಿಂದ ಕಿವಿ ಕಾದವು. ಆದರೂ ಕೈಗಾಡಿ ತರಲು ಹೋದಳು, ಯಾಕೆಂದರೆ ಬಿಸಿಲು ಏರುತ್ತಿತ್ತು.

ಅವತ್ತೂ ಮರುದಿನವೂ ನಾಲ್ಕು ಜನ ಗಡ್ಡೆ ಸಾಗಿಸಿದರು: ಪಾಂಗ್, ಅವನ ಹೆಂಡತಿ, ಕಚೇರಿಗೆ ರಜೆ ಹಾಕಿ ಬಂದ ಲೂ ವೆನ್, ಮತ್ತು ಚಾಯ್‌ಲಿಯಾನ್. ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ. ಮೊದಲ ಗಾಡಿಯನ್ನು ಮರದ ಬುಡಕ್ಕೆ ಸುರಿಯುವ ಮೊದಲು ಅವಳ ಕೈ ತಾನಾಗಿ ಒಂದು ಚೂರು ಮುರಿದು ಬಾಯಿಗೆ ಒಯ್ದಿತು. ಎಲ್ಲರೂ ನೋಡುತ್ತಿದ್ದರು. ಎರಡನೆಯ ಗಾಡಿ ಬಂದಾಗ ಪಾಂಗ್ ತಾನೇ ಮೊದಲು ಗಡ್ಡೆಯನ್ನು ನೆಕ್ಕಿ, ಆಮೇಲೆ ಅವಳ ಕಡೆಗೆ ತಿರುಗಿಸಿದ. ಅವನ ಹೆಂಡತಿ ಮುಖ ತಿರುಗಿಸಿ ನಕ್ಕಳು. ಚಾಯ್‌ಲಿಯಾನ್ ಮೂರನೆಯ ಗಾಡಿಯಿಂದ ರುಚಿ ನೋಡುವುದನ್ನು ಬಿಟ್ಟಳು, ಹಲ್ಲು ಕಚ್ಚಿಕೊಂಡು.

ಎಲಚಿ ಎಲ್ಲ ಮರಗಳಿಗಿಂತ ತಡವಾಗಿ ಚಿಗುರುವ ಮರ. ಪಾಪ್ಲರ್ ಎಲೆ ಬಿಟ್ಟು ನೆರಳು ಕೊಡುವ ಹೊತ್ತಿಗೂ ಅದು ಸತ್ತಂತೆ ನಿಂತಿರುತ್ತದೆ. ಆ ವರ್ಷದಷ್ಟು ತಡ ಎಂದೂ ಆಗಿರಲಿಲ್ಲ. ಮೇ ತಿಂಗಳ ನಡುವೆ ಒಂಬತ್ತು ಮರ ಕಣ್ಣು ಬಿಟ್ಟವು. ಇನ್ನೆರಡು ಬಿಡಲಿಲ್ಲ. ಜೂನ್‌ನಲ್ಲಿ ಹೂ ಬಂದಾಗ ಎಲ್ಲರೂ ಕಾಯಿ ನಿಲ್ಲಲೆಂದು ಕಾಂಡದ ಸುತ್ತ ಬಳೆಯಷ್ಟಗಲ ತೊಗಟೆ ಕೊಯ್ದರು. ಚಾಯ್‌ಲಿಯಾನ್ ಚಾಕು ಹಿರಿಯಲಿಲ್ಲ. ಈ ವರ್ಷ ಹಣ್ಣು ಬೇಡ, ಜೀವ ಹಿಡಿದರೆ ಸಾಕು ಎಂದಳು. ಕೆಳಗಿನ ಎಲೆಗಳು ಅಂಚು ಸುಟ್ಟು ಉದುರಿದವು, ಮೇಲೆ ಚಿಗುರು ಬರುತ್ತಿತ್ತು. ಬಿದ್ದ ಎಲೆಗಳನ್ನು ದಿನವೂ ಗುಡಿಸಿ, ಬುಟ್ಟಿಯಲ್ಲಿ ತುಂಬಿ, ದೂರ ಒಯ್ದು ಸುಟ್ಟಳು.

ಚರಂಡಿಯ ಆಚೆ ನಾಲ್ಕು ಸಾಲು ಪಿಯರ್ ಸಸಿಗೆ ಉದುರಿಸುವಷ್ಟು ಹಳೆಯ ಎಲೆಯೇ ಇರಲಿಲ್ಲ. ಜುಲೈ ಹೊತ್ತಿಗೆ ಅವು ಕಡ್ಡಿಗಳಾಗಿದ್ದವು. ಪಾಂಗ್ ಅವನ್ನು ಕಿತ್ತು ಬೇಲಿಗೆ ಒರಗಿಸಿದ.

ಒಂದು ದಿನ ಜೋಳ ಬೀಸಿಸಲು ಡೋಂಗ್‌ನ ಗಿರಣಿಗೆ ಹೋದಾಗ ಅಲ್ಲಿ ಐದಾರು ಜನ ಮೂಟೆಗಳ ಮೇಲೆ ಕೂತಿದ್ದರು, ಪಾಂಗ್ ಬಾಗಿಲ ಹತ್ತಿರ ನಿಂತಿದ್ದ. ಚಾಯ್‌ಲಿಯಾನ್ ಒಳಗೆ ಬಂದ ಕೂಡಲೇ ಮಾತು ನಿಂತಿತು. ಡೋಂಗ್‌ನ ಬಾಯಿ ಸುಮ್ಮನಿರುವಂಥದ್ದಲ್ಲ.

"ನಾವು ಪಾಂಗ್‌ನ ಸಸಿ ಮಾತಾಡ್ತಿದ್ವಿ ಅಕ್ಕ," ಎಂದ. "ಚರಂಡಿ ಕಡೆ ನಾಲ್ಕೇ ಸಾಲು ಸತ್ತಿವೆ, ಉಳಿದವು ನಗ್ತಾ ಇವೆ. ಯಾರೋ ಉಪ್ಪು ಹಾಕಿದ ಹಾಗಿದೆ. ಚರಂಡಿ ಈಚೆ ಯಾರಿದಾರೆ ಅಂತ ಯೋಚನೆ ಮಾಡ್ತಿದ್ವಿ."

"ಗಾಳಿ," ಎಂದ ಪಾಂಗ್ ಬಾಗಿಲಿನಿಂದ. "ಆ ಕಡೆ ಗಾಳಿ ಜಾಸ್ತಿ."

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಚಾಯ್‌ಲಿಯಾನ್ ಮೂಟೆ ಇಳಿಸಿದಳು.

"ಗಾಳಿ ಅಲ್ಲ. ನಾನು," ಎಂದಳು. ಗಡ್ಡೆ ಒಡೆದದ್ದು, ಸಮುದ್ರಕ್ಕೆ ತಳ್ಳಿದ್ದು, ಸೇತುವೆ ದಾಟಿದ್ದು, ನಾಲ್ಕು ಸಾಲಿನ ಸಿಹಿನೀರನ್ನು ತನ್ನ ಮರಕ್ಕೆ ತಂದದ್ದು, ಒಂದನ್ನೂ ಬಿಡದೆ ಹೇಳಿದಳು.

ಯಾರೂ ನಂಬಿದಂತೆ ಕಾಣಲಿಲ್ಲ. ಡೋಂಗ್ ಕಣ್ಣು ಕಿರಿದು ಮಾಡಿ, ತಲೆ ಒಂದು ಕಡೆ ವಾಲಿಸಿ, ಅವಳೇ ಇಷ್ಟು ವರ್ಷ ಜನರನ್ನು ನೋಡುತ್ತಿದ್ದ ಹಾಗೆ ಅವಳನ್ನು ನೋಡಿದ.

"ಇದರಲ್ಲೇನೋ ಇದೆ," ಎಂದ. "ತನ್ನ ಸಸಿ ಸಾಯುತ್ತೆ ಅಂತ ಗೊತ್ತಿದ್ದೂ ಅವನ್ಯಾಕೆ ನಿನಗೆ ಕೊಡ್ತಾನೆ? ಅದೂ ನಿನಗೆ?"

"ನನ್ನ ಬಾಯಿಗೆ ಹೆದರಿ ಕೊಟ್ಟ," ಎಂದಳು ಚಾಯ್‌ಲಿಯಾನ್.

ಪಾಂಗ್ ತನ್ನ ಹಿಟ್ಟಿನ ಮೂಟೆಯನ್ನು ಹೆಗಲಿಗೆ ಏರಿಸಿಕೊಂಡು ಹೊರಗೆ ನಡೆದ. ಅವಳ ಸರದಿ ಬಂದಿತ್ತು, ಅವಳು ಜೋಳವನ್ನು ತೊಟ್ಟಿಗೆ ಸುರಿದಳು.